ಹೊಡೆಯದೆ, ಹೆದರಿಸದೆ ಮಗುವನ್ನು ಬೆಳೆಸುವಾಗ ಮನೆಯ ಹಿರಿಯರ ಆಕ್ಷೇಪಕ್ಕೆ ಹೇಗೆ ಉತ್ತರಿಸಬೇಕು?

ನವನಗರದ ತಾಯಿ, ಬಾಗಲಕೋಟೆ

ನಮ್ಮದು ಅತ್ತೆ, ಮಾವ, ಮೈದುನ, ನೆಗೆಣ್ಣಿ ಎಲ್ಲರೂ ಒಂದೇ ಒಲೆಯಲ್ಲಿ ಉಣ್ಣುವ ಮನೆ. ಮಗಳಿಗೆ ಎರಡೂವರೆ ವರ್ಷ. ಅತ್ತಾಗ ಎತ್ತಿಕೊಳ್ಳುವುದು, ರಾತ್ರಿ ಮಗ್ಗುಲಲ್ಲಿ ಮಲಗಿಸಿಕೊಳ್ಳುವುದು, ಕೈ ಎತ್ತದಿರುವುದು, ಗುಮ್ಮನ ಹೆಸರಿನಲ್ಲಾಗಲಿ ಪೊಲೀಸರ ಹೆಸರಿನಲ್ಲಾಗಲಿ ಹೆದರಿಸದಿರುವುದು, ಇಷ್ಟನ್ನು ನಾನೂ ನಮ್ಮ ಮನೆಯವರೂ ಕೂಡಿ ನಿರ್ಧರಿಸಿ ಅವಳು ಹುಟ್ಟಿದಾಗಿನಿಂದ ನಡೆಸಿಕೊಂಡು ಬಂದಿದ್ದೇವೆ. ಮಗಳನ್ನು ಸಂಭಾಳಿಸುವುದು ನನಗೆ ಅಷ್ಟು ಕಷ್ಟವೆನಿಸಿಲ್ಲ. ಅದರ ಬಗ್ಗೆ ಬರುವ ಮಾತುಗಳನ್ನು ಕೇಳಿಸಿಕೊಳ್ಳುವುದು ಕಷ್ಟವಾಗಿದೆ.

ಅವಳು ಕೂಸಾಗಿದ್ದಾಗ "ಕೈರೂಢಿ ಮಾಡಬ್ಯಾಡವಾ, ನಾಳೆ ನಿನಗ ಒಂದು ರೊಟ್ಟಿ ಬಡಿಯಾಕೂ ಬಿಡೂದಿಲ್ಲ" ಎನ್ನುತ್ತಿದ್ದರು. ಈಗ ಅವಳು ಹಠ ಹಿಡಿದು ನೆಲಕ್ಕೆ ಬಿದ್ದು ಅತ್ತರೆ "ತಲಿ ಮ್ಯಾಲೆ ಕೂಡಿಸಿಕೊಂಡೀರಿ, ಒಂದು ಕೊಟ್ಟರ ಸುಮ್ಮನಾಗತಾಳ" ಎನ್ನುತ್ತಾರೆ. ಹೀಗೆ ಹೇಳುವವರು ಯಾರೂ ಕೆಟ್ಟವರಲ್ಲ. ನನ್ನ ಬಾಣಂತನದಲ್ಲಿ ಅಗ್ಗಿಷ್ಟಿಕೆ ಹಾಕಿ, ಅಂಟಿನ ಉಂಡಿ ಕಟ್ಟಿ, ರಾತ್ರಿಯಿಡೀ ಎದ್ದು ಕುಳಿತವರೇ ಅವರು. ಆದ್ದರಿಂದಲೇ ಎದುರುತ್ತರ ಕೊಡಲು ಮನಸ್ಸು ಬರುವುದಿಲ್ಲ, ಸುಮ್ಮನಿದ್ದರೆ ನಮ್ಮ ನಿರ್ಧಾರವನ್ನೇ ಬಿಟ್ಟುಕೊಟ್ಟಂತಾಗುತ್ತದೆ. ಇದೆಲ್ಲವೂ ಮಗಳ ಎದುರಿಗೇ ನಡೆಯುತ್ತದೆ, ಅವಳಿಗೆ ಈಗ ಎಲ್ಲ ಮಾತೂ ತಿಳಿಯುತ್ತದೆ. ಹಿರಿಯರ ಮರ್ಯಾದೆಗೆ ಕುಂದು ಬಾರದಂತೆ, ನಾನು ನಂಬಿದ್ದನ್ನೂ ಬಿಡದಂತೆ ಹೇಗೆ ಮಾತಾಡಬೇಕೆಂದು ಅನುಭವವಿರುವವರು ದಯವಿಟ್ಟು ತಿಳಿಸಿರಿ.

ನಿವೃತ್ತ ಶಿಕ್ಷಕ, ಜಮಖಂಡಿ

ತಂಗಿ, ನಿಮ್ಮ ಬರಹದಲ್ಲಿ ಹಿರಿಯರ ಮೇಲಿನ ಗೌರವ ಕಾಣುತ್ತದೆ, ಅದಕ್ಕೆ ಸಂತೋಷ. ಆದರೂ ಆಕ್ಷೇಪಿಸುವವರ ಪರವಾಗಿ ಒಬ್ಬರಾದರೂ ಮಾತಾಡಬೇಕು. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ನಾನು ತರಗತಿಯಲ್ಲಿ ಬೆತ್ತ ಹಿಡಿದ ಕಾಲವನ್ನೂ ಕಂಡಿದ್ದೇನೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮಿನ ಪ್ರಕಾರ ಶಾಲೆಯಲ್ಲಿ ದೈಹಿಕ ಶಿಕ್ಷೆಯೂ ಮಾನಸಿಕ ಕಿರುಕುಳವೂ ನಿಷಿದ್ಧವಾದ ಕಾಲವನ್ನೂ ಕಂಡಿದ್ದೇನೆ. ಬೆತ್ತ ಹೋದದ್ದಕ್ಕೆ ನನಗೆ ದುಃಖವಿಲ್ಲ. ಆದರೆ ಮನೆಯಲ್ಲಿ ಒಮ್ಮೆಯೂ "ಇಲ್ಲ" ಎಂಬ ಮಾತನ್ನು ಕೇಳದೆ ಒಂದನೆಯ ತರಗತಿಗೆ ಬರುವ ಮಗು ಬೇರೆ ಮಕ್ಕಳ ನಡುವೆ ಬಹಳ ಒದ್ದಾಡುತ್ತದೆ, ಅದನ್ನು ಕಣ್ಣಾರೆ ನೋಡಿದ್ದೇನೆ. ಎತ್ತಿಕೊಳ್ಳಿ, ಮುದ್ದು ಮಾಡಿ. ಅಂಕೆ ಎಲ್ಲಿದೆ ಎಂದು ಹಿರಿಯರು ಕೇಳಿದರೆ ಅದಕ್ಕೆ ನಿಮ್ಮ ಬಳಿ ಸ್ಪಷ್ಟವಾದ ಉತ್ತರವಿರಬೇಕು.

ಮಕ್ಕಳ ವೈದ್ಯೆ, ಬೆಳಗಾವಿ

ಗುರುಗಳು ಎತ್ತಿದ ಪ್ರಶ್ನೆ ಸರಿಯಾದದ್ದು, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಕೈರೂಢಿಯ ವಿಷಯ, ಏಕೆಂದರೆ ನಮ್ಮ ಕಡೆಯ ಹೊಸ ತಾಯಂದಿರು ಅತಿ ಹೆಚ್ಚು ಕೇಳುವ ಮಾತು ಅದೇ.

ಮಗು ತನ್ನನ್ನು ನೋಡಿಕೊಳ್ಳುವವರೊಡನೆ ಕಟ್ಟಿಕೊಳ್ಳುವ ಆಪ್ತ ಬಾಂಧವ್ಯದ ಕುರಿತು ವ್ಯವಸ್ಥಿತವಾಗಿ ಬರೆದವರು ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ. ಎರಡನೆಯ ಮಹಾಯುದ್ಧದ ನಂತರ ಮನೆಮಠ ಕಳೆದುಕೊಂಡ ಮಕ್ಕಳ ಸ್ಥಿತಿಯ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಗಾಗಿ ಅವರು ಸಿದ್ಧಪಡಿಸಿದ ವರದಿ 1951ರಲ್ಲಿ ಹೊರಬಂದಿತು. ಹೊಟ್ಟೆ ತುಂಬಿಸಿ, ಶುಚಿಯಾಗಿಟ್ಟರೆ ಮಾತ್ರ ಮಗುವಿಗೆ ಸಾಲದು, ಭಯವಾದಾಗ ಓಡಿ ಬರಲು ಒಬ್ಬರು ಬೇಕು ಎಂಬುದು ಅವರ ವಿಚಾರದ ತಿರುಳು. ಅವರ ಸಹೋದ್ಯೋಗಿ ಮೇರಿ ಐನ್ಸ್‌ವರ್ತ್ 1954-55ರ ಸುಮಾರಿಗೆ ಉಗಾಂಡಾದ ಕಂಪಾಲಾ ಸಮೀಪದ ಹಳ್ಳಿಗಳಲ್ಲಿ 26 ಕುಟುಂಬಗಳ ಕೂಸುಗಳನ್ನು ಮನೆಮನೆಗೆ ಹೋಗಿ ಗಮನಿಸಿದರು, ಬಳಿಕ ಅಮೆರಿಕದ ಬಾಲ್ಟಿಮೋರಿನಲ್ಲಿ ಅದೇ ಬಗೆಯ ಅಧ್ಯಯನ ಮುಂದುವರಿಸಿದರು. ಮೊದಲ ತಿಂಗಳುಗಳಲ್ಲಿ ಅಳುವಿಗೆ ಬೇಗ ಓಗೊಟ್ಟ ತಾಯಂದಿರ ಮಕ್ಕಳು ವರ್ಷ ತುಂಬುವ ಹೊತ್ತಿಗೆ ಕಡಿಮೆ ಅಳುತ್ತಿದ್ದರೆಂದು 1972ರಲ್ಲಿ ಅವರೂ ಅವರ ಸಂಗಡಿಗರೂ ಪ್ರಕಟಿಸಿದರು. ಅಳುವನ್ನು ಅಳೆದ ವಿಧಾನದ ಬಗ್ಗೆ ಮುಂದೆ ವಿದ್ವಾಂಸರಲ್ಲಿ ವಾದಗಳು ನಡೆದವು, ಆದ್ದರಿಂದ ಅದೊಂದನ್ನೇ ಹಿಡಿದು ಅತ್ತೆಯವರೊಡನೆ ವಾದಕ್ಕೆ ಇಳಿಯಬೇಡಿ. ಆದರೆ ಮೂರು ತಿಂಗಳ ಕೂಸು ಸಂಚು ಹೂಡಿ ಅಳುವುದಿಲ್ಲ. ಹಸಿವು, ನೋವು, ಒದ್ದೆ, ಒಂಟಿತನ ಎಲ್ಲಕ್ಕೂ ಅದರ ಬಳಿ ಇರುವುದು ಅಳು ಮಾತ್ರ. ಅದನ್ನು ಎತ್ತಿಕೊಂಡರೆ ಕೆಡುತ್ತದೆಂಬ ಭಯ ಬೇಕಿಲ್ಲ.

ಇನ್ನೊಂದು ಎಚ್ಚರಿಕೆ. ಬೌಲ್ಬಿಯವರ ಸಿದ್ಧಾಂತ ಬೇರೆ. ಸದಾ ಮೈಗೆ ಕಟ್ಟಿಕೊಂಡಿರಬೇಕು, ಜೊತೆಯಲ್ಲೇ ಮಲಗಿಸಬೇಕು ಎಂದು ಮುಂದೆ ಅಮೆರಿಕದ ಮಕ್ಕಳ ವೈದ್ಯ ವಿಲಿಯಂ ಸಿಯರ್ಸ್ ಮುಂತಾದವರು ಜನಪ್ರಿಯಗೊಳಿಸಿದ ರೂಢಿಗಳು ಬೇರೆ. ಎರಡನೆಯದನ್ನು ಅಕ್ಷರಶಃ ಪಾಲಿಸದಿದ್ದರೆ ಬಾಂಧವ್ಯ ಮುರಿಯುತ್ತದೆಂದು ಸಿದ್ಧಾಂತ ಹೇಳಿಲ್ಲ. ಮಗ್ಗುಲಲ್ಲಿ ಮಲಗಿಸುವುದನ್ನು ಹಿರಿಯರು ಆಕ್ಷೇಪಿಸಿದರೆ, ವಿಶೇಷವಾಗಿ ಕೂಸು ವರ್ಷದೊಳಗಿದ್ದರೆ, ಆ ಮಾತಿನಲ್ಲಿ ಹುರುಳಿದೆಯೇ ಎಂದು ನೋಡಿ. ಕೂಸನ್ನು ಅಂಗಾತ ಮಲಗಿಸಬೇಕು, ಹಾಸಿಗೆ ಗಟ್ಟಿಯಾಗಿರಬೇಕು, ಮುಖದ ಹತ್ತಿರ ದಿಂಬು, ದಪ್ಪ ಕೌದಿ ಇರಬಾರದು, ಬೀಡಿ ಸಿಗರೇಟು ಸೇದುವವರು, ಮದ್ಯ ಕುಡಿದವರು ಅದೇ ಹಾಸಿಗೆಯಲ್ಲಿ ಮಲಗಲೇಬಾರದು. ಅಂಥ ಸಂದರ್ಭದಲ್ಲಿ ಅಜ್ಜಿ ಹೇಳುವ ಪಕ್ಕದ ತೊಟ್ಟಿಲೇ ಸುರಕ್ಷಿತ. ಆಕ್ಷೇಪದಲ್ಲಿ ಸತ್ಯವಿದ್ದ ಕಡೆ "ನೀವು ಹೇಳಿದ್ದು ಖರೆ" ಎಂದು ಒಪ್ಪಿಕೊಂಡವರ ಮಾತಿಗೆ, ಒಪ್ಪದ ಕಡೆಯಲ್ಲೂ ತೂಕ ಬರುತ್ತದೆ.

ಈಗ ಗುರುಗಳ ಅಂಕೆಯ ಮಾತು. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಡಯಾನಾ ಬೌಮ್ರಿಂಡ್ ತಂದೆತಾಯಿಯರ ರೀತಿಗಳನ್ನು ವಿಂಗಡಿಸಿದರು. ಬರಿಯ ಅಪ್ಪಣೆ ಮಾಡುವವರು ಒಂದು ಕಡೆ, ಯಾವ ಕಟ್ಟುಪಾಡನ್ನೂ ಇಡದವರು ಇನ್ನೊಂದು ಕಡೆ; ಪ್ರೀತಿಯನ್ನೂ ಮಿತಿಯನ್ನೂ ಒಟ್ಟಿಗೆ ಹಿಡಿದು, ಕಾರಣ ತಿಳಿಸಿ, ಹೇಳಿದ ಮಾತಿಗೆ ನಿಲ್ಲುವವರ ಮಕ್ಕಳು ಹೆಚ್ಚು ಸ್ವಾವಲಂಬಿಗಳೂ ಸಂಯಮಿಗಳೂ ಆಗಿದ್ದುದನ್ನು ಅವರು ಕಂಡರು. ಹೊಡೆಯದಿರುವುದು ಮತ್ತು ಕೇಳಿದ್ದೆಲ್ಲ ಕೊಡುವುದು ಒಂದೇ ಎಂದು ತಿಳಿಯುವುದರಿಂದಲೇ ನಮ್ಮ ಮನೆಗಳಲ್ಲಿ ಅರ್ಧ ಜಗಳ ಹುಟ್ಟುತ್ತದೆ. ಕೆಲವು ಕಿರಿಯ ದಂಪತಿಗಳೂ ಹಾಗೆಯೇ ತಿಳಿದಿರುತ್ತಾರೆ, ಅಲ್ಲಿ ಹಿರಿಯರ ಆತಂಕ ನ್ಯಾಯವಾದದ್ದು.

ನೇಕಾರರ ಮನೆಯ ಸೊಸೆ, ಬನಹಟ್ಟಿ

ಡಾಕ್ಟರ್ ಅಕ್ಕಾವರು ವಿವರವಾಗಿ ತಿಳಿಸಿದ್ದಾರೆ, ಆದರೆ ಇದನ್ನೆಲ್ಲ ಓದುವಾಗ ನನ್ನಂಥವರ ಎದೆ ಭಾರವಾಗುತ್ತದೆ. ನಮ್ಮ ಮನೆಯಲ್ಲಿ ಪವರ್‌ಲೂಮಿನ ಸದ್ದಿನಲ್ಲಿ ಕೂಸು ಅತ್ತದ್ದೇ ಕೇಳಿಸುವುದಿಲ್ಲ. ಕರೆಂಟು ಇರುವ ಹೊತ್ತಿನಲ್ಲಿ ಮಗ್ಗ ನಿಲ್ಲಿಸಿದರೆ ಕೂಲಿ ಹೋಗುತ್ತದೆ. ಕಂಡಿಕೆ ಸುತ್ತುತ್ತಾ ಕುಳಿತಾಗ ಕೂಸು ಜೋಳಿಗೆಯಲ್ಲಿ ಅಳುತ್ತಿದ್ದರೆ, ಎದ್ದು ಹೋಗುವುದು ಅತ್ತೆಯವರು, ಕೆಲವೊಮ್ಮೆ ಪಕ್ಕದ ಮನೆಯ ಕಾಕು. ಅತ್ತ ಕೂಡಲೇ ತಾಯಿಯೇ ಓಡಬೇಕೆಂದರೆ ಇದು ಪುರಸೊತ್ತು ಇರುವವರ ಮಾತಾಗುತ್ತದೆ. ಹೊರಗಿನವರ ಟೀಕೆಗೆ ಉತ್ತರ ಹೇಳುವ ಮೊದಲು, ನಾನು ಸಾಲದವಳೇನೋ ಎಂದು ನನ್ನೊಳಗೇ ಏಳುವ ಟೀಕೆಗೆ ಏನು ಹೇಳಿಕೊಳ್ಳಲಿ?

ಮಕ್ಕಳ ವೈದ್ಯೆ, ಬೆಳಗಾವಿ

ತಂಗಿ, ನಿಮ್ಮ ಪ್ರಶ್ನೆಗೆ ನೇರವಾದ ಉತ್ತರವಿದೆ. ರುಡಾಲ್ಫ್ ಶಾಫರ್ ಮತ್ತು ಪೆಗಿ ಎಮರ್ಸನ್ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ 60 ಕೂಸುಗಳನ್ನು ಗಮನಿಸಿ 1964ರಲ್ಲಿ ವರದಿ ಬರೆದರು. ಅವು ಹೆಚ್ಚಾಗಿ ದುಡಿಯುವ ವರ್ಗದ ಮನೆಗಳು. ಒಂದೂವರೆ ವರ್ಷದ ಹೊತ್ತಿಗೆ ಬಹುಪಾಲು ಮಕ್ಕಳು ತಾಯಿಯ ಜೊತೆಗೆ ತಂದೆ, ಅಜ್ಜಿ, ಅಜ್ಜ, ಅಣ್ಣ ಅಕ್ಕಂದಿರನ್ನೂ ಗಟ್ಟಿಯಾಗಿ ಹಚ್ಚಿಕೊಂಡಿದ್ದರು. ಹೆಚ್ಚು ಹೊತ್ತು ಜೊತೆಗಿದ್ದವರನ್ನೇ ಹಚ್ಚಿಕೊಳ್ಳುತ್ತಾರೆಂದು ಹೇಳುವಂತಿರಲಿಲ್ಲ. ಮಗುವಿನ ಕರೆಗೆ ಓಗೊಟ್ಟು, ಅದರೊಡನೆ ಆಡಿದವರ ಕಡೆಗೆ ಅದು ವಾಲುತ್ತಿತ್ತು. ನಿಮ್ಮ ಅತ್ತೆಯವರ ತೊಡೆಯೂ ಪಕ್ಕದ ಮನೆಯ ಕಾಕು ಅವರ ತೊಡೆಯೂ ನಿಮ್ಮ ಮಗುವಿನ ಆಸರೆಯ ಭಾಗವೇ. ಬ್ರಿಟನ್ನಿನ ಮಕ್ಕಳ ವೈದ್ಯ ಡೊನಾಲ್ಡ್ ವಿನಿಕಾಟ್ ಪರಿಪೂರ್ಣ ತಾಯಿಯನ್ನು ಕೇಳಲಿಲ್ಲ, ಸಾಕಷ್ಟು ಒಳ್ಳೆಯ ತಾಯಿ ಸಾಕು ಎಂದರು. ಎಡ್ವರ್ಡ್ ಟ್ರಾನಿಕ್ ಎಂಬ ಸಂಶೋಧಕರು 1970ರ ದಶಕದಿಂದ ತಾಯಿ ಮತ್ತು ಕೂಸುಗಳ ಮುಖಾಮುಖಿ ಆಟವನ್ನು ಚಿತ್ರೀಕರಿಸಿ ನೋಡಿದಾಗ, ಅನ್ಯೋನ್ಯವಾದ ಜೋಡಿಗಳಲ್ಲೂ ಇಬ್ಬರ ತಾಳ ಬಹಳ ಹೊತ್ತು ಕೂಡಿಬರುತ್ತಿರಲಿಲ್ಲ. ತಪ್ಪಿದ ತಾಳ ಮತ್ತೆ ಕೂಡುವುದೇ ಮುಖ್ಯವಾಗಿತ್ತು. ಮಗ್ಗ ನಿಂತ ಮೇಲೆ ನೀವು ಕೂಸನ್ನು ಎತ್ತಿಕೊಂಡು ಅದರ ಮುಖ ನೋಡಿ ಮಾತಾಡುವ ಹೊತ್ತಿಗೆ ಬಹಳ ಬೆಲೆ ಇದೆ.

ತಂದೆ, ಇಂಡಿ

ಈವರೆಗೆ ಬಂದ ಮಾತುಗಳೆಲ್ಲ ತಾಯಿ ಏನು ಹೇಳಬೇಕು ಎಂಬುದರ ಬಗ್ಗೆ ಇವೆ. ನಮ್ಮ ಭಾಗದ ಮನೆಗಳಲ್ಲಿ ಒಂದೇ ಕೆಲಸಕ್ಕೆ ಮಗನಿಗೆ ಹೊಗಳಿಕೆ, ಸೊಸೆಗೆ ಬೈಗುಳ ಸಿಗುತ್ತದೆ ಎಂಬುದನ್ನು ಯಾರಾದರೂ ಹೇಳಲೇಬೇಕು. ನಾನು ಮಗನನ್ನು ಹೆಗಲ ಮೇಲೆ ಹೊತ್ತು ಲಿಂಬೆಯ ತೋಟಕ್ಕೆ ಹೋದರೆ "ಎಷ್ಟು ಅಕ್ಕರತಿ" ಎನ್ನುತ್ತಾರೆ; ನನ್ನ ಹೆಂಡತಿ ಅವನನ್ನು ಕಂಕುಳಲ್ಲಿ ಇಟ್ಟುಕೊಂಡು ಸಾರಿಗೆ ಒಗ್ಗರಣೆ ಹಾಕಿದರೆ "ಕೆಡಿಸಿ ಇಟ್ಟಾಳ" ಎನ್ನುತ್ತಾರೆ. ಆದ್ದರಿಂದ ತನ್ನ ತಾಯಿಗೆ ತಾನೇ ಹೇಳುವುದು ಗಂಡನ ಹೊಣೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹೆಂಡತಿ ಹೇಳಿದರೆ ಅದು ಸೊಸೆಯ ಎದುರುತ್ತರವಾಗುತ್ತದೆ, ಮಗ ಹೇಳಿದರೆ ತಾಯಿಮಗನ ಮಾತುಕತೆಯಾಗಿ ಉಳಿಯುತ್ತದೆ.

ಹೇಳುವ ಹೊತ್ತನ್ನೂ ನೋಡಬೇಕು. ಮಗು ಅಳುತ್ತಿರುವಾಗ, ಬೀಗರು ಕುಳಿತಿರುವಾಗ, ಯಾರಾದರೂ ಹಸಿದಿರುವಾಗ ಈ ಮಾತು ಎತ್ತಬಾರದು. ನಾನು ರಾತ್ರಿ ಊಟವಾದ ಮೇಲೆ ಅವ್ವ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದಾಗ ಪಕ್ಕದಲ್ಲಿ ಕುಳಿತು, "ಅವ್ವಾ, ಹುಡುಗನ್ನ ಹೊಡಿಬಾರದು ಅಂತ ನಾವಿಬ್ಬರೂ ಕೂಡಿ ಠರಾವು ಮಾಡೇವಿ. ನಿನಗ ಸರಿ ಅನಸಲಿಲ್ಲಂದರ ನನಗ ಬೈ, ಆಕಿ ಒಬ್ಬಾಕಿನ್ನ ಬೈಬ್ಯಾಡ" ಎಂದು ಹೇಳಿದೆ. ಅವ್ವ ಒಪ್ಪಲಿಲ್ಲ, ಆದರೆ ಅಂದಿನಿಂದ ಆಕ್ಷೇಪವೆಲ್ಲ ನನ್ನ ಕಡೆಗೆ ತಿರುಗಿತು. ನನಗೆ ಅಷ್ಟು ಸಾಕಾಗಿತ್ತು. ಹಿರಿಯರು ಒಪ್ಪಲೇಬೇಕೆಂಬ ಆಸೆಯನ್ನು ಮೊದಲು ಬಿಟ್ಟರೆ ದನಿ ತಾನಾಗಿ ತಗ್ಗುತ್ತದೆ.

ಆಶಾ ಕಾರ್ಯಕರ್ತೆ, ಖಾನಾಪುರ ತಾಲೂಕು

ಹೆರಿಗೆಯಾದ ಮೇಲೆ 42 ದಿನಗಳೊಳಗೆ ನಾವು ಬಾಣಂತಿಯ ಮನೆಗೆ ಹಲವು ಸಲ ಹೋಗಿ ಕೂಸನ್ನು ನೋಡಬೇಕಾಗುತ್ತದೆ. ಕಡಿಮೆ ತೂಕದ ಕೂಸನ್ನು ತಾಯಿಯ ಬರಿಮೈಗೆ ಒರಗಿಸಿ ಬೆಚ್ಚಗಿಡುವ ಕಾಂಗರೂ ಆರೈಕೆಯನ್ನು ಹೇಳಿಕೊಟ್ಟಾಗ ಬಹಳಷ್ಟು ಮನೆಗಳಲ್ಲಿ ಮೊದಲು ಹುಬ್ಬು ಗಂಟಿಕ್ಕುತ್ತಾರೆ. ಇದು 1970ರ ದಶಕದ ಕೊನೆಗೆ ಕೊಲಂಬಿಯಾದ ಬೊಗೋಟಾದ ಆಸ್ಪತ್ರೆಯೊಂದರಲ್ಲಿ ಶುರುವಾದದ್ದು. ಅವಧಿಗೆ ಮೊದಲೇ ಹುಟ್ಟಿದ ಅಥವಾ ತೂಕ ಕಡಿಮೆಯಿರುವ ಕೂಸುಗಳಿಗೆ ಹುಟ್ಟಿದ ಕೂಡಲೇ ಇದನ್ನು ಆರಂಭಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಶಿಫಾರಸು ಮಾಡಿದೆ. ಆದರೆ ನಾನು ಮನೆಯ ಹಿರಿಯರ ಮುಂದೆ ಸಂಸ್ಥೆಗಳ ಹೆಸರು ಹೇಳುವುದಿಲ್ಲ. "ಆಯಿ, ತಾಯಿ ಸ್ನಾನಕ್ಕೆ ಹೋದಾಗ ನೀವೇ ಎದಿಗೆ ಹಚ್ಚಿಕೊಳ್ರಿ" ಎಂದು ಕೂಸನ್ನು ಅಜ್ಜಿಯ ಎದೆಗೇ ಕೊಡುತ್ತೇನೆ. ಕೂಸಿನ ಕೈಕಾಲು ಬೆಚ್ಚಗಾಗುವುದನ್ನು ಸ್ವತಃ ಮುಟ್ಟಿ ನೋಡಿದ ಅಜ್ಜಿಯೇ ಮರುಸಲ ನಾನು ಹೋದಾಗ ಸೊಸೆಗೆ ಹೇಳಿಕೊಡುತ್ತಿರುತ್ತಾಳೆ. ಹಿರಿಯರಿಗೆ ಕೆಲಸ ಕೊಟ್ಟ ಮನೆಯಲ್ಲಿ ಟೀಕೆ ಕಡಿಮೆಯಾಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಅಜ್ಜಿ, ಗುಳೇದಗುಡ್ಡ

ನಾನು ಹೇಳಿದ್ದನ್ನು ಮೊಮ್ಮಗಳು ಬರೆಯುತ್ತಿದ್ದಾಳೆ. ಎಲ್ಲರ ಮಾತನ್ನೂ ಅವಳು ಓದಿ ಹೇಳಿದಳು. ನಮ್ಮ ಕಡೆಯದನ್ನೂ ಕೇಳಿರಿ.

ಸೊಸೆ ನಮ್ಮ ಮುಂದೆ "ಈಗ ಹಂಗೆಲ್ಲಾ ಮಾಡೂದಿಲ್ರಿ" ಎಂದಾಗ, ನಾವು ನಮ್ಮ ಮಕ್ಕಳಿಗೆ ಮಾಡಿದ್ದೆಲ್ಲ ತಪ್ಪು ಎಂದು ಅವಳು ತೀರ್ಪು ಕೊಟ್ಟಂತೆ ಕೇಳಿಸುತ್ತದೆ. ಕುಪ್ಪಸದ ಕಣ ನೇಯುವ ಮಗ್ಗದಲ್ಲಿ ದುಡಿದು, ಬರದ ವರ್ಷಗಳನ್ನು ದಾಟಿಸಿ ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದವರಿಗೆ ಆ ಮಾತು ಬಹಳ ನೋವು ಕೊಡುತ್ತದೆ. ಆಗ ನಾವು ಕೂಸಿನ ಬಗ್ಗೆ ಮಾತಾಡುತ್ತಿರುವುದಿಲ್ಲ, ನಮ್ಮ ಬಾಳಿನ ಬಗ್ಗೆ ಮಾತಾಡುತ್ತಿರುತ್ತೇವೆ. ಅದನ್ನು ಕಿರಿಯರು ತಿಳಿದುಕೊಂಡರೆ ಒಳ್ಳೆಯದು. ನನ್ನ ಸೊಸೆ ಒಂದು ದಿನ, "ನಿಮ್ಮ ಮಗ ಸಣ್ಣವರಿದ್ದಾಗ ಅತ್ತರ ಹೆಂಗ ಸುಮ್ಮನಿರಸತಿದ್ರಿ" ಎಂದು ಕೇಳಿದಳು. ಜೋಳಿಗೆಯ ಹಗ್ಗವನ್ನು ಕಾಲಬೆರಳಿಗೆ ಕಟ್ಟಿಕೊಂಡು ತೂಗುತ್ತ ನೇಯುತ್ತಿದ್ದೆ, ಜೋಗುಳ ಹಾಡುತ್ತಿದ್ದೆ, ಅಂವ ಬಿಕ್ಕಿದರೆ ಮಗ್ಗದ ಕುಣಿಯಿಂದ ಎದ್ದು ಬಂದು ಎತ್ತಿಕೊಳ್ಳುತ್ತಿದ್ದೆ ಎಂದು ಹೇಳಿದೆ. ಹೇಳುತ್ತಾ ಹೋದಂತೆ ಅವಳು ಮಾಡುವುದಕ್ಕೂ ನಾನು ಮಾಡಿದ್ದಕ್ಕೂ ಬಹಳ ಅಂತರವಿಲ್ಲವೆಂದು ನನಗೇ ತಿಳಿಯಿತು. ಕೈರೂಢಿ ಎಂಬ ಮಾತು ನಮ್ಮ ಬಾಯಲ್ಲಿ ಇರುವುದು ಕೆಲಸದ ಹೊರೆಯಿಂದ. ಕೂಸನ್ನು ಬಿಟ್ಟು ದುಡಿಯಲೇಬೇಕಾದ ಹೆಣ್ಣಿಗೆ ಅದು ಬೇಕಾದ ಮಾತಾಗಿತ್ತು.

ಬಾಗಲಕೋಟೆಯ ಮಗಳೇ, ನಿನ್ನ ಅತ್ತೆಗೆ ಸಿದ್ಧಾಂತ ಹೇಳಬೇಡ. ಅವಳನ್ನು ಕೇಳು. ಕೇಳಿದ ಮೇಲೆ ನಿನ್ನ ಮಾತನ್ನೂ ಬಿಡಬೇಡ, ಬಿಡು ಎಂದು ನಾನು ಹೇಳುವುದಿಲ್ಲ. ಹಿರಿಯರು ಹೇಳಿದರೆಂದು ಕೂಸಿನ ಮೈಮೇಲೆ ಕೈ ಮಾಡಿದರೆ ಆಮೇಲೆ ಮರುಗುವವಳು ನೀನೇ.

ನಿವೃತ್ತ ಶಿಕ್ಷಕ, ಜಮಖಂಡಿ

ಗುಳೇದಗುಡ್ಡದ ಅಜ್ಜಿಯವರ ಮಾತು ಮನಸ್ಸಿಗೆ ನಾಟಿತು. ಡಾಕ್ಟರರ ವಿವರಣೆಯಿಂದ ಅಂಕೆಯ ಬಗೆಗಿನ ನನ್ನ ಸಂಶಯವೂ ಬಹುಮಟ್ಟಿಗೆ ತಿಳಿಯಾಯಿತು. ಆದರೂ ಒಂದು ನಿದರ್ಶನ ಬೇಕು. ಮಗು ಜನರ ನಡುವೆ ಹಠ ಹಿಡಿದಾಗ, ಹೊಡೆಯದೆ, ಬೇಡಿದ್ದನ್ನು ಕೊಡದೆ ನೀವು ನಿಜವಾಗಿ ಏನು ಮಾಡುತ್ತೀರಿ? ಆಗ ಪಕ್ಕದವರು ಏನಾದರೂ ಅಂದರೆ ಏನು ಹೇಳುತ್ತೀರಿ?

ನವನಗರದ ತಾಯಿ, ಬಾಗಲಕೋಟೆ

ಗುರುಗಳೇ, ಸಂಕ್ರಾಂತಿಯ ಹೊತ್ತಿನಲ್ಲಿ ತವರೂರಾದ ವಿಜಯಪುರಕ್ಕೆ ಸಿದ್ಧೇಶ್ವರ ಜಾತ್ರೆಗೆ ಹೋಗಿದ್ದಾಗಿನ ಸಂಗತಿಯನ್ನೇ ಹೇಳುತ್ತೇನೆ. ಮಗಳು ಆಟಿಕೆ ಅಂಗಡಿಯ ಮುಂದೆ ಎರಡನೆಯ ಗಾಡಿ ಬೇಕೆಂದು ನೆಲಕ್ಕೆ ಬಿದ್ದು ಅತ್ತಳು. ಒಂದೇ ಆಟಿಕೆ ಎಂದು ಮನೆಯಿಂದ ಹೊರಡುವಾಗಲೇ ಅವಳಿಗೆ ಹೇಳಿದ್ದೆವು, ಆದ್ದರಿಂದ ಕೊಡಿಸಲಿಲ್ಲ. ಜನರು ತುಳಿಯದಂತೆ ಅವಳನ್ನು ಎತ್ತಿ ಅಂಗಡಿಯ ಬದಿಗೆ ತಂದು, ನಾನೂ ನೆಲಕ್ಕೆ ಕುಳಿತೆ. "ಆ ಗಾಡಿನೂ ಬೇಕಾಗಿತ್ತು. ಸಿಗಲಿಲ್ಲ ಅಂತ ಸಿಟ್ಟು ಬಂದದ. ಇವತ್ತು ಒಂದ ಆಟಿಗಿ" ಎಂದು ಒಮ್ಮೆ ಹೇಳಿದೆ, ಆಮೇಲೆ ಉಪದೇಶ ಮಾಡಲಿಲ್ಲ. ಅಷ್ಟು ಸಣ್ಣ ಮಗು ಅಳುವಿನ ಭರದಲ್ಲಿರುವಾಗ ಉದ್ದ ಮಾತು ಅದರ ಕಿವಿಗೆ ಹೋಗುವುದಿಲ್ಲ. ನನ್ನನ್ನು ಒದೆಯಲು ಬಂದಾಗ ಕಾಲು ಹಿಡಿದು "ಒದಿಯಾಕ ಬಿಡೂದಿಲ್ಲ" ಎಂದೆ. ಅತ್ತು ಮುಗಿದ ಮೇಲೆ ತಾನೇ ಬಂದು ತೊಡೆಯ ಮೇಲೆ ಕುಳಿತಳು.

ಆಗ ಒಬ್ಬ ಹಿರಿಯರು ನಿಂತು "ಎರಡು ಬಿಟ್ಟರ ಗಪ್ಪಾಗತೈತಿ" ಎಂದರು. ನಾನು "ಹೌದ್ರಿ ಕಾಕಾರ, ಕೂಸು ಅಳೂದು ಕೇಳಾಕ ತ್ರಾಸ ಆಗತೈತಿ. ಇನ್ನೊಂದು ಚೂರಿಗೆ ಸುಮ್ಮನಾಗತಾಳ್ರಿ" ಎಂದೆ. ಅವರು ತಲೆಯಾಡಿಸಿ ಮುಂದೆ ನಡೆದರು. ದಾರಿಯಲ್ಲಿ ಸಿಕ್ಕವರಿಗೆ ಇಷ್ಟೇ ಸಾಕು. ಅವರನ್ನು ಮತ್ತೆ ಕಾಣುವುದೇ ಇಲ್ಲ. ಅವರ ಮಾತಿನಲ್ಲಿ ಒಪ್ಪಬಹುದಾದ ಒಂದು ಎಳೆಯನ್ನು ಹಿಡಿದು ಒಪ್ಪುತ್ತೇನೆ, ವಿವರಣೆಗೆ ಇಳಿಯುವುದಿಲ್ಲ. ಮಗಳಿಗೆ ತೋರಿಸುವ ಸಮಾಧಾನವನ್ನು ದೊಡ್ಡವರಿಗೆ ತೋರಿಸದೆ ಹೋದರೆ ಅವಳು ಕಲಿಯುವುದು ಎರಡನೆಯದನ್ನೇ.

ಕಷ್ಟವಾಗುವುದು ದಿನಾ ಜೊತೆಗಿರುವವರೊಡನೆ, ಅದಕ್ಕಿಂತ ಹೆಚ್ಚಾಗಿ ವರ್ಷಕ್ಕೊಮ್ಮೆ ಬಂದು ಎಲ್ಲರ ಮುಂದೆ ಜೋರಾಗಿ ಹೇಳುವವರೊಡನೆ. ಬರುವ ತಿಂಗಳು ಗೋಕಾಕದಲ್ಲಿ ನೆಂಟರ ಮದುವೆಯಿದೆ. ನಮ್ಮ ಮನೆಯವರ ಸೋದರತ್ತೆ ಅಲ್ಲಿ ಇದ್ದೇ ಇರುತ್ತಾರೆ. ಕಳೆದ ಸಲ ಅವರು ಮಗಳಿಗೆ "ನಿಮ್ಮವ್ವಗ ನಿನ್ನ ಹಿಡತದಾಗ ಇಟ್ಟುಕೊಳ್ಳಾಕ ಬರೂದಿಲ್ಲ" ಎಂದು ನೇರವಾಗಿ ಹೇಳಿದ್ದರು. ಅದಕ್ಕೆ ಹೇಗೆ ಸಿದ್ಧಳಾಗಲಿ?

ತಂದೆ, ಇಂಡಿ

ಅಕ್ಕಾವರೇ, ಮದುವೆಯ ಮಂಟಪದಲ್ಲಿ ಈ ವಿಷಯ ಇತ್ಯರ್ಥವಾಗುವುದಿಲ್ಲ, ಅಲ್ಲಿ ಅದನ್ನು ಎತ್ತಲೂ ಬೇಡಿ. ನಿಮ್ಮ ಮನೆಯವರು ಹೋಗುವ ಮೊದಲೇ ಸೋದರತ್ತೆಗೆ ಫೋನು ಮಾಡಲಿ. ಯೋಗಕ್ಷೇಮ ಕೇಳಿ, "ಅತ್ತಿ, ಹುಡುಗಿ ಮುಂದ ಆಕಿಯ ಅವ್ವನ್ನ ಹಗುರ ಮಾಡಿ ಮಾತಾಡಬ್ಯಾಡ್ರಿ, ಏನಿದ್ದರೂ ನನಗ ಹೇಳ್ರಿ" ಎಂಬ ಒಂದೇ ಮಾತನ್ನು ಹೇಳಲಿ. ಮದುವೆಯ ದಿನ ಮಗುವಿಗೆ ಮೊದಲ ಪಂಕ್ತಿಗಿಂತ ಮುಂಚೆಯೇ ಉಣ್ಣಿಸಿ, ಮಧ್ಯಾಹ್ನದ ನಿದ್ದೆಗೆ ಬ್ಯಾಂಡಿನ ಸದ್ದು ಬಾರದ ಒಂದು ಕೋಣೆಯನ್ನು ಮೊದಲೇ ಕೇಳಿ ಇಟ್ಟುಕೊಳ್ಳಿ. ಮದುವೆ ಮನೆಯ ಅರ್ಧ ಹಠ ಹಸಿವು ಮತ್ತು ನಿದ್ದೆಗೇಡಿನಿಂದ ಬರುತ್ತದೆ.

ಅಜ್ಜಿ, ಗುಳೇದಗುಡ್ಡ

ಆಶಾ ಅಕ್ಕಾವರು ಹೇಳಿದಂತೆ ಸೋದರತ್ತೆಗೂ ಒಂದು ಕೆಲಸ ಒಪ್ಪಿಸು. ಮಗುವಿಗೆ ಹೊಸ ಅಂಗಿ ತೊಡಿಸಿ ತಲೆ ಬಾಚುವುದೋ, ಮಲಗುವಾಗ ಒಂದು ಕಥೆ ಹೇಳುವುದೋ ಅವರ ಪಾಲಿಗಿರಲಿ. ಅವರು ಮತ್ತೆ ಅದೇ ಮಾತು ಅಂದರೆ, ನೀನು ಅವರ ಜೊತೆ ವಾದಿಸದೆ ಮಗಳ ಕಡೆ ತಿರುಗಿ, "ಅಜ್ಜಿ ನಿನ್ನ ಕಾಳಜಿ ಮಾಡಾಕತ್ತಾರ, ಅವ್ವಗ ನಿನ್ನ ನೋಡಿಕೊಳ್ಳಾಕ ಬರತೈತಿ" ಎಂದು ಮೆಲ್ಲಗೆ ಹೇಳು. ಇಬ್ಬರಿಗೂ ಕೇಳಿಸುತ್ತದೆ.

ನವನಗರದ ತಾಯಿ, ಬಾಗಲಕೋಟೆ

ನಿಮ್ಮೆಲ್ಲರ ಮಾತುಗಳನ್ನು ನಮ್ಮ ಮನೆಯವರೂ ಓದಿದರು. ಸೋದರತ್ತೆಗೆ ಅವರು ಈ ಭಾನುವಾರ ಫೋನು ಮಾಡುತ್ತಾರೆ. ನಿನ್ನೆ ರೊಟ್ಟಿ ಬಡಿಯುವಾಗ ಅತ್ತೆಯವರನ್ನು, ಅವರ ಮಕ್ಕಳು ಸಣ್ಣವರಿದ್ದಾಗ ಹಠಕ್ಕೆ ಏನು ಮಾಡುತ್ತಿದ್ದರೆಂದು ಕೇಳಿದೆ. ಬಹಳ ಹೊತ್ತು ಹೇಳಿದರು. ಹೊಡೆದದ್ದೂ ಇತ್ತು, ಎತ್ತಿಕೊಂಡು ಹೊಳೆಯ ದಂಡೆಗೆ ಹೋಗಿ ದನ ತೋರಿಸಿದ್ದೂ ಇತ್ತು. ಹೊಡೆಯುವ ವಿಷಯದಲ್ಲಿ ನಮ್ಮಿಬ್ಬರ ಅಭಿಪ್ರಾಯ ಇನ್ನೂ ಕೂಡಿಲ್ಲ, ಅದನ್ನು ಅವರಿಗೂ ಹೇಳಿದ್ದೇನೆ. ಮದುವೆಯಲ್ಲಿ ಮಗಳನ್ನು ಮಧ್ಯಾಹ್ನ ಮಲಗಿಸುವುದನ್ನು ತಾವೇ ನೋಡಿಕೊಳ್ಳುವುದಾಗಿ ಅತ್ತೆಯವರು ಹೇಳಿದ್ದಾರೆ.